ನಂಬದವನ ಸೊನ್ನೆ

ನಮಸ್ಕಾರ. ಸಮೀಕ್ಷೆಯಲ್ಲಿ ಹೇಳಿದ್ದನ್ನ ಉತ್ತರ ಕೊಡೋರು ನಂಬದಿದ್ರೆ ಲೆಕ್ಕ ಕೆಡುತ್ತೆ ಅಂದಿದ್ದೆ. ಆ ವಿಡಿಯೋ ಕೆಳಗೊಂದು ಕಾಮೆಂಟ್: “ಸಾವಿರ ಜನರನ್ನ ಕೇಳಿದ್ರೆ ನಂಬಿಕೆ ಗಿಂಬಿಕೆ ಎಲ್ಲಾ ಸರಾಸರಿಯಲ್ಲಿ ಸರಿಹೋಗುತ್ತೆ.” ಸರಿಹೋಗಲ್ಲ ಸ್ವಾಮಿ! ತಕ್ಕಡಿಯೇ ಸೊಟ್ಟಗಿದ್ರೆ ಸಾವಿರ ಸಲ ತೂಗಿದ್ರೂ ಅದೇ ಸೊಟ್ಟ ತೂಕ.

ನದಿ ಶುದ್ಧ ಮಾಡೋಕೆ ಎಷ್ಟು ಕೊಡ್ತೀರಿ ಅಂತ ಸಮೀಕ್ಷೆ. ಜನರಿಗೆ ತೋರಿಸೋ ಕಾರ್ಡ್‌ನಲ್ಲಿ “5 ವರ್ಷದಲ್ಲಿ ಮೀನು ವಾಪಸ್ ಬರುತ್ತೆ” ಅಂತ ಬರೆದಿದೆ. ಉತ್ತರ ಕೊಡೋನು ಮನಸ್ಸಲ್ಲೇ “20 ಆದ್ರೂ ಬರಲ್ಲ” ಅಂದ್ಕೊಂಡು ಸೊನ್ನೆ ಅಂತಾನೆ. ಅವನು ಬೆಲೆ ಕಟ್ಟಿದ್ದು ನಿಮ್ಮ ಕಾರ್ಡಿನ ನದಿಗಲ್ಲ, ತನ್ನ ತಲೆಯೊಳಗಿನ ನದಿಗೆ. ನೀವು ವರದಿಯಲ್ಲಿ ಬರೆಯೋದು “ಈತನಿಗೆ ನದಿ ಬೇಡ” ಅಂತ!

1989ರಲ್ಲಿ ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೆಜ್ ಹಡಗಿನ ತೈಲ ಚೆಲ್ತಲ್ಲ, ಆ ನಷ್ಟ ಅಳೆದ ಸಮೀಕ್ಷೆಯವರಿಗೆ ಇದು ಗೊತ್ತಿತ್ತು. ಮತ್ತೆ ಹಾಗೆ ತೈಲ ಚೆಲ್ಲದಿರಲಿ ಅಂತ ತೈಲ ಹಡಗುಗಳ ಜೊತೆ ಬೆಂಗಾವಲು ಹಡಗು ಕಳಿಸೋ ಯೋಜನೆಗೆ ಒಂದೇ ಸಲದ ತೆರಿಗೆ ಕೊಡೋಕೆ ಒಪ್ತೀರಾ ಅಂತ ಪ್ರಶ್ನೆ. 10, 30, 60, 120 ಡಾಲರ್, ಒಬ್ಬೊಬ್ಬರಿಗೆ ಒಂದೊಂದು ಮೊತ್ತ. ಹೌದು, ಇಲ್ಲ ಅಂದಾದ ಮೇಲೆ, ಯೋಜನೆ ಇಲ್ದಿದ್ರೆ ಹಾನಿ ನಾವು ಹೇಳಿದಷ್ಟೇ ಆಗುತ್ತಾ, ಹೆಚ್ಚಾ, ಕಮ್ಮಿನಾ ಅಂತಲೂ ಕೇಳಿದ್ರು. ಆಮೇಲೆ, ಮೊದಲಲ್ಲ! ಮೊದಲೇ ಕೇಳಿದ್ರೆ ಅನುಮಾನದ ಬೀಜ ನೀವೇ ಬಿತ್ತಿದ ಹಾಗೆ. “ನಂಬ್ತೀರಾ?” ಅಂತ ನೇರವಾಗಿಯೂ ಕೇಳ್ಬೇಡಿ, ಮುಲಾಜಿಗೆ ಹೂಂ ಅಂತಾರೆ. “ಮೀನು ಬರೋಕೆ ಎಷ್ಟು ವರ್ಷ ಬೇಕು ಅನ್ಸುತ್ತೆ?” ಅಂತ ಕೇಳಿ.

(ಸಬ್‌ಸ್ಕ್ರೈಬ್ ಆಗಿಲ್ವಾ? ಆಗಿ. ಇದನ್ನಾದ್ರೂ ನಂಬಿ.)

ಇನ್ನೊಬ್ಬ ಬುದ್ಧಿವಂತ: “ನಂಬದವರನ್ನ ತೆಗೆದುಹಾಕಿ.” ಆಹಾ! 100 ಜನ ಅಂದ್ಕೊಳ್ಳಿ. 60 ಜನರ ಸರಾಸರಿ 50 ಡಾಲರ್, 40 ಜನ ಸೊನ್ನೆ. ಸರಾಸರಿ 30. ಆ 40ರಲ್ಲಿ ನಂಬದ 25 ಜನರನ್ನ ಎತ್ತಿಹಾಕಿ, 40 ಆಯ್ತು. ನದಿಯ ಒಂದು ಹನಿಯೂ ಬದಲಾಗಿಲ್ಲ, ಬೆಲೆ ಮೂರನೇ ಒಂದು ಭಾಗ ಏರಿತು. ಜೊತೆಗೆ, “ಸರ್ಕಾರ ಮುಚ್ಚಿಡ್ತಿದೆ, ಹಾನಿ ಇನ್ನೂ ಜಾಸ್ತಿ” ಅಂತ ಹೌದು ಅಂದವನೂ ನಂಬದವನೇ ತಾನೆ? ಅವನನ್ನ ಯಾಕೆ ಉಳಿಸ್ಕೊಂಡ್ರಿ? ಸೊನ್ನೆ ಬರೆದವನ ಮೇಲೆ ಮಾತ್ರ ಅನುಮಾನವಾ?

ಹೀಗೆ ನಂಬದ ಇಬ್ಬರನ್ನೂ ಗುರುತಿಸಿ, ಅವರನ್ನ ಸೇರಿಸಿದ್ದು, ಬಿಟ್ಟಿದ್ದು, ಎರಡೂ ಲೆಕ್ಕ ಪಕ್ಕಪಕ್ಕ ಕೊಡಿ. ಅಷ್ಟೇ ಕೇಳ್ತಿರೋದು!

“ನೀವು ಸಮೀಕ್ಷೆ ವಿರೋಧಿ” ಅಂತ ಬರೀತಾರೆ ಈಗ. ಬರೀರಿ. ತಕ್ಕಡಿ ಸೊಟ್ಟಗಿದೆ ಅಂದ್ರೆ ತೂಗ್ಬೇಡಿ ಅಂದ ಹಾಗಾ? ಸೊಟ್ಟ ಅಂದ್ರೆ ಸೊಟ್ಟ, ಸೊಟ್ಟ! ಮುಂದಿನ ಕಂತು ಶುಕ್ರವಾರ, ಗಂಟೆ ಒತ್ತಿ.