ಹೆಸರಿಗಿಂತ ಮೊದಲು ಚಿಕಿತ್ಸೆ: ತುರ್ತು ವಿಭಾಗದ ದಾಖಲೆ ತಂತ್ರಾಂಶಕ್ಕೆ ಪಾಲುದಾರರನ್ನು ಆರಿಸುವ ಬಗೆ

ಎಲ್ಲರಿಗೂ ನಮಸ್ಕಾರ.

ಇಲ್ಲಿ ಎರಡು ಬಳಗದವರು ಕೂತಿದ್ದೀರಿ. ಒಂದು ಕಡೆ ತುರ್ತು ಚಿಕಿತ್ಸಾ ವಿಭಾಗದ ವೈದ್ಯರು, ನರ್ಸ್‌ಗಳು. ಇನ್ನೊಂದು ಕಡೆ ತಂತ್ರಾಂಶ ಕಟ್ಟುವವರು. ಈ ಇಬ್ಬರೂ ಒಂದೇ ನೊಗಕ್ಕೆ ಹೆಗಲು ಕೊಟ್ಟಾಗ ಎತ್ತು ಏರಿಗೆ, ಕೋಣ ನೀರಿಗೆ ಎಂಬಂತಾಗುವುದೇ ಹೆಚ್ಚು. ಅದಕ್ಕೆ ದುರುದ್ದೇಶ ಕಾರಣವಲ್ಲ. ಕೆಲಸ ನಡೆಯುವ ಕ್ರಮವನ್ನು ಎರಡೂ ಕಡೆಯವರು ಬೇರೆ ಬೇರೆಯಾಗಿ ಊಹಿಸಿಕೊಂಡಿರುತ್ತಾರೆ, ಅಷ್ಟೆ.

ಹೊರರೋಗಿ ವಿಭಾಗದ ತಂತ್ರಾಂಶ ಸರತಿಯ ಸಾಲಿನಂತೆ ಸಾಗುತ್ತದೆ: ನೋಂದಣಿ, ಕಾಯಿಲೆಯ ಹಿನ್ನೆಲೆ, ತಪಾಸಣೆ, ರೋಗನಿರ್ಣಯ, ಔಷಧ, ಬಿಲ್ಲು. ಮೊದಲ ಪರದೆ ತುಂಬದೆ ಎರಡನೆಯದು ತೆರೆಯುವುದಿಲ್ಲ. ತುರ್ತು ವಿಭಾಗದಲ್ಲಿ ಈ ಸಾಲು ತಲೆಕೆಳಗು. ಅಡ್ರಿನಲಿನ್ ಕೊಟ್ಟಾಗಿರುತ್ತದೆ, ಹೆಸರು ಇನ್ನೂ ಗೊತ್ತಿರುವುದಿಲ್ಲ. ರಕ್ತದ ಮಾದರಿ ಪ್ರಯೋಗಾಲಯ ತಲುಪಿರುತ್ತದೆ, ವಯಸ್ಸು ಮಾತ್ರ ಅಂದಾಜು. ಹಾಗಾಗಿ ಪಾಲುದಾರ ಕಂಪನಿಯನ್ನು ಅಳೆಯುವ ಕೋಲು ಒಂದೇ: ಮಾಹಿತಿ ಅರ್ಧಂಬರ್ಧ ಇರುವಾಗ ಇವರ ತಂತ್ರಾಂಶ ಏನು ಮಾಡುತ್ತದೆ?

ಗುರುತಿಲ್ಲದ ರೋಗಿಯಿಂದಲೇ ಶುರು ಮಾಡೋಣ. ಒಂದೇ ಅಪಘಾತದಿಂದ ಪ್ರಜ್ಞೆಯಿಲ್ಲದ ಇಬ್ಬರು ಗಂಡಸರು ಒಟ್ಟಿಗೆ ಬಂದರು ಎಂದುಕೊಳ್ಳಿ. ‘ಅಪರಿಚಿತ 1’, ‘ಅಪರಿಚಿತ 2’ ಎಂದು ದಾಖಲಿಸುವ ತಂತ್ರಾಂಶ ಅಪಾಯಕ್ಕೆ ಆಹ್ವಾನ ಕೊಟ್ಟಂತೆ. ಫೋನಿನಲ್ಲಿ ಕೇಳಿದಾಗಲೂ ಅವಸರದಲ್ಲಿ ಓದಿದಾಗಲೂ ಎರಡೂ ಒಂದೇ ಎನಿಸುತ್ತವೆ. ಮೊದಲೇ ಸಿದ್ಧಪಡಿಸಿದ ಪಟ್ಟಿಯಿಂದ, ಉಚ್ಚಾರಣೆಯಲ್ಲಿ ಪರಸ್ಪರ ಹೋಲದ ತಾತ್ಕಾಲಿಕ ಹೆಸರು, ಅದರ ಜೊತೆ ಸ್ವತಂತ್ರ ಸಂಖ್ಯೆ, ಕೂಡಲೇ ಮುದ್ರಣವಾಗುವ ಕೈಪಟ್ಟಿ: ಇಷ್ಟೂ ಎರಡು ಮೂರು ಸ್ಪರ್ಶದಲ್ಲಿ ಮುಗಿಯಬೇಕು. ಹುಟ್ಟಿದ ದಿನ ಗೊತ್ತಿಲ್ಲ ಎಂದು 1900ರ ಜನವರಿ 1 ಅನ್ನು ತಾನೇ ತುಂಬಿಕೊಳ್ಳುವ ವ್ಯವಸ್ಥೆಗಳಿವೆ. ಆಗ ಯುವಕನೊಬ್ಬ ನೂರು ದಾಟಿದ ಮುದುಕನಾಗುತ್ತಾನೆ. ವೃದ್ಧರ ಔಷಧ ಪ್ರಮಾಣದ ಎಚ್ಚರಿಕೆಗಳೆಲ್ಲ ಒಮ್ಮೆಗೇ ಏಳುತ್ತವೆ. ‘ಅಂದಾಜು ವಯಸ್ಸು’ ಎಂಬುದಕ್ಕೆ ಪ್ರತ್ಯೇಕ ಜಾಗವೇ ಬೇಕು.

ನಿಜವಾದ ಕಷ್ಟ ಶುರುವಾಗುವುದು ಗುರುತು ಸಿಕ್ಕ ಮೇಲೆ. ತಾತ್ಕಾಲಿಕ ದಾಖಲೆಯನ್ನು ಹಳೆಯ ದಾಖಲೆಗೆ ಸೇರಿಸಬೇಕು. ಆಸ್ಪತ್ರೆಯ ತಂತ್ರಾಂಶಗಳು ಪರಸ್ಪರ ಸಂದೇಶ ಕಳಿಸಲು ಬಳಸುವ ಮಾನಕ ಎಚ್‌ಎಲ್7. ಅದರ ಎರಡನೇ ಆವೃತ್ತಿಯಲ್ಲಿ ಇದಕ್ಕೆ ಎ40 ಎಂಬ ಸಂದೇಶವಿದೆ. ನಮ್ಮ ತಂತ್ರಾಂಶ ಅದನ್ನು ಕಳಿಸಿದರೆ ಸಾಲದು. ಪ್ರಯೋಗಾಲಯ, ಎಕ್ಸ್-ರೇ, ರಕ್ತನಿಧಿಯ ವ್ಯವಸ್ಥೆಗಳು ಅದನ್ನು ಒಪ್ಪಿ ಜಾರಿ ಮಾಡಬೇಕು. ರಕ್ತನಿಧಿಯಲ್ಲಿ ಹೊಂದಾಣಿಕೆ ಪರೀಕ್ಷೆ ಮುಗಿದ ಚೀಲಗಳ ಮೇಲೆ ತಾತ್ಕಾಲಿಕ ಸಂಖ್ಯೆಯೇ ಅಂಟಿರುತ್ತದೆ. ಮಧ್ಯದಲ್ಲಿ ಕೈಪಟ್ಟಿ ಬದಲಿಸಿದರೆ ಹಾಸಿಗೆಯ ಬಳಿಯ ತಾಳೆ ತಪ್ಪುತ್ತದೆ, ರಕ್ತ ಕೊಡುವುದು ನಿಲ್ಲುತ್ತದೆ. ಆದ್ದರಿಂದ ಜೀವ ಉಳಿಸುವ ಹಂತ ಮುಗಿದು, ರಕ್ತ ಏರಿಸಿ ಆಗುವವರೆಗೆ ತಾತ್ಕಾಲಿಕ ಗುರುತನ್ನೇ ಉಳಿಸಿಕೊಳ್ಳುವುದು ಸುರಕ್ಷಿತ. ತಪ್ಪಾಗಿ ಸೇರಿಸಿದ್ದನ್ನು ಬಿಡಿಸುವ ದಾರಿಯನ್ನೂ ಕಂಪನಿಯವರ ಬಳಿ ಕೇಳಿ. ಸೇರಿಸುವುದನ್ನು ಎಲ್ಲರೂ ತೋರಿಸುತ್ತಾರೆ. ಬಿಡಿಸಿ ತೋರಿಸಿ ಎಂದಾಗ ಹಲವರು ತಡವರಿಸುತ್ತಾರೆ.

ಎರಡನೆಯದು ಕಾಲ. ಎದೆನೋವಿನ ರೋಗಿ ಬಂದ 10 ನಿಮಿಷದೊಳಗೆ ಇಸಿಜಿ ಆಗಬೇಕು ಎಂಬುದು ಒಪ್ಪಿತ ಗುರಿ. ಇದನ್ನು ಅಳೆಯಲು ಬಾಗಿಲ ಬಳಿಯ ಗಣಕಯಂತ್ರ ಮತ್ತು ಇಸಿಜಿ ಯಂತ್ರ ಎರಡರ ಗಡಿಯಾರವೂ ಒಂದೇ ಸಮಯ ತೋರಿಸಬೇಕು. ಜಾಲಕ್ಕೆ ಸೇರಿಸದ ಇಸಿಜಿ ಯಂತ್ರ 6 ನಿಮಿಷ ಹಿಂದಿದ್ದರೆ, ತಡವಾಗಿ ಮಾಡಿದ ಇಸಿಜಿಯೂ ಸಕಾಲದ್ದಾಗಿಬಿಡುತ್ತದೆ. ಕೆಲವೊಮ್ಮೆ ರೋಗಿ ಬರುವ ಮೊದಲೇ ಇಸಿಜಿ ಆದಂತೆಯೂ ಕಾಣುತ್ತದೆ. ಸಾಧನಗಳೆಲ್ಲವೂ ಜಾಲದ ಮೂಲಕ ಗಡಿಯಾರ ಹೊಂದಿಸುವ ಒಂದೇ ಎನ್‌ಟಿಪಿ ಸರ್ವರ್‌ನಿಂದ ಸಮಯ ಪಡೆಯಲಿ ಎಂದು ಒಪ್ಪಂದದಲ್ಲೇ ಬರೆಯಿರಿ. ಪ್ರತಿ ನಮೂದಿಗೂ ಎರಡು ಸಮಯ ಬೇಕು: ಕೆಲಸ ನಡೆದದ್ದು ಯಾವಾಗ, ಟೈಪ್ ಮಾಡಿದ್ದು ಯಾವಾಗ. ಮೊದಲನೆಯದನ್ನು ಬಳಕೆದಾರರು ತಿದ್ದಬಹುದು, ತಿದ್ದಿದ ಗುರುತು ಉಳಿಯಬೇಕು. ಎರಡನೆಯದನ್ನು ಯಾರೂ ಮುಟ್ಟುವಂತಿರಬಾರದು. ಪಾರ್ಶ್ವವಾಯುವಿನಲ್ಲಂತೂ ಮೂರನೆಯದೊಂದಿದೆ, ರೋಗಿ ಕೊನೆಯದಾಗಿ ಚೆನ್ನಾಗಿದ್ದ ಸಮಯ. ಹೆಪ್ಪು ಕರಗಿಸುವ ಔಷಧದ ನಾಲ್ಕೂವರೆ ಗಂಟೆಯ ಲೆಕ್ಕ ಅಲ್ಲಿಂದ ಶುರು. ಲಕ್ಷಣ ಕಂಡ ಸಮಯವನ್ನೇ ಅದರ ಜಾಗದಲ್ಲಿ ಬರೆದರೆ, ನಿದ್ದೆಯಲ್ಲೇ ಪಾರ್ಶ್ವವಾಯುವಾಗಿ ಬೆಳಗ್ಗೆ ಎದ್ದವರ ಗತಿ ಏನು?

ಟ್ರಯಾಜ್, ಅಂದರೆ ಯಾರನ್ನು ಮೊದಲು ನೋಡಬೇಕೆಂದು ತೀವ್ರತೆಯ ಮೇಲೆ ವಿಂಗಡಿಸುವುದು, ಅದರ ಕುರಿತು ಒಂದೇ ಮಾತು. ಮ್ಯಾಂಚೆಸ್ಟರ್ ಪದ್ಧತಿಯ ಐದು ಬಣ್ಣಗಳಿಗೆ ವೈದ್ಯರು ನೋಡಬೇಕಾದ ಮಿತಿ 0, 10, 60, 120, 240 ನಿಮಿಷ. ಆಸ್ಟ್ರೇಲೇಷ್ಯನ್ ಮಾಪಕದಲ್ಲಿ 0, 10, 30, 60, 120. ಈ ಅಂಕಿಗಳು ಕೋಡಿನೊಳಗೆ ಹೂತಿದ್ದರೆ ಆ ಕಂಪನಿ ಬೇಡ. ಸೆಟ್ಟಿಂಗ್‌ನಲ್ಲಿರಬೇಕು, ಮರು-ಟ್ರಯಾಜ್ ಮಾಡಿದಾಗ ಹಳೆಯ ಮಟ್ಟ ಅಳಿಯದೆ ಉಳಿಯಬೇಕು.

ಇನ್ನು ಹೃದಯಸ್ತಂಭನದ ಕೋಣೆ. ಅಡ್ರಿನಲಿನ್ 1 ಮಿಲಿಗ್ರಾಂ, 3ರಿಂದ 5 ನಿಮಿಷಕ್ಕೊಮ್ಮೆ. 2 ನಿಮಿಷಕ್ಕೊಮ್ಮೆ ಹೃದಯಲಯದ ಪರಿಶೀಲನೆ. ಅಲ್ಲಿ ಆದೇಶ ಬಾಯಿಮಾತಿನದ್ದು. ‘ವೈದ್ಯರ ಆದೇಶವಿಲ್ಲದೆ ಔಷಧ ದಾಖಲಿಸಲಾಗದು’ ಎಂದು ತಂತ್ರಾಂಶ ಹಟ ಹಿಡಿದರೆ ನರ್ಸ್ ಪೆನ್ನು ತೆಗೆದು ಕೈಗವಸಿನ ಮೇಲೆ ಬರೆದುಕೊಳ್ಳುತ್ತಾರೆ. ಕೈಗವಸು ಕೊನೆಗೆ ಕಸದ ಬುಟ್ಟಿಗೆ. ಕೊಟ್ಟದ್ದನ್ನು ಮೊದಲು ಒಂದು ಸ್ಪರ್ಶದಲ್ಲಿ ದಾಖಲಿಸಿ, ವೈದ್ಯರ ಸಹಿಯನ್ನು ಆಮೇಲೆ ಪಡೆಯುವ ಪರದೆ ಇದೆಯೇ ನೋಡಿ.

ತೂಕದ ವಿಷಯ ಸಣ್ಣದೆನಿಸಬಹುದು. ಪಾರ್ಶ್ವವಾಯುವಿಗೆ ಹೆಪ್ಪು ಕರಗಿಸುವ ಔಷಧ ಆಲ್ಟೆಪ್ಲೇಸ್‌ನ ಪ್ರಮಾಣ ಕಿಲೋಗೆ 0.9 ಮಿಲಿಗ್ರಾಂ, ಗರಿಷ್ಠ 90. 70 ಕಿಲೋ ತೂಕದವರಿಗೆ 63 ಮಿಲಿಗ್ರಾಂ. ಅದೇ ತೂಕವನ್ನು ಪೌಂಡಿನಲ್ಲಿ 154 ಎಂದು ಬರೆದು, ತಂತ್ರಾಂಶ ಅದನ್ನು ಕಿಲೋ ಎಂದು ಓದಿದರೆ ಲೆಕ್ಕ 138 ದಾಟುತ್ತದೆ. ಗರಿಷ್ಠ ಮಿತಿ ಅದನ್ನು 90ಕ್ಕೆ ಇಳಿಸುತ್ತದೆ. ಪರದೆಯ ಮೇಲಿನ 90 ನಂಬುವಂತೆಯೇ ಕಾಣುತ್ತದೆ! ರೋಗಿಗೆ ಹೋದದ್ದು 27 ಮಿಲಿಗ್ರಾಂ ಹೆಚ್ಚು. ಸುರಕ್ಷತೆಗೆಂದು ಇಟ್ಟ ಮಿತಿಯೇ ಇಲ್ಲಿ ತಪ್ಪನ್ನು ಮುಚ್ಚಿಹಾಕಿತು. ಆದ್ದರಿಂದ ತೂಕಕ್ಕೆ ಕಿಲೋ ಒಂದೇ ಘಟಕ, ಅಳೆದದ್ದೋ ಅಂದಾಜೋ ಎಂಬ ಗುರುತು, ಮಿತಿ ತಾಗಿದಾಗ ‘ಲೆಕ್ಕ ಇಷ್ಟು ಬಂತು, ಇಷ್ಟಕ್ಕೆ ಇಳಿಸಿದೆ’ ಎಂಬ ಸಾಲು.

ಹಾಗೆಂದು ಎಲ್ಲದಕ್ಕೂ ಎಚ್ಚರಿಕೆ ಏಳಿಸಿದರೆ ಮೂಗಿಗಿಂತ ಮೂಗುತಿ ಭಾರವಾಗುತ್ತದೆ. ನೋಡದೇ ಒತ್ತಿ ಮುಚ್ಚುವ ಅಭ್ಯಾಸ ಬೆರಳಿಗೆ ಬಂತೆಂದರೆ ನಿಜವಾದ ಎಚ್ಚರಿಕೆಯೂ ಅದೇ ವೇಗದಲ್ಲಿ ಮುಚ್ಚಿಹೋಗುತ್ತದೆ. ಯಾವ ಎಚ್ಚರಿಕೆಯನ್ನು ಎಷ್ಟು ಸಲ ತಳ್ಳಿಹಾಕಿದರು ಎಂಬ ತಿಂಗಳ ವರದಿ ಕೊಡುವ ಕಂಪನಿ ಬೇಕು, ಆ ವರದಿ ನೋಡಿ ಎಚ್ಚರಿಕೆ ತೆಗೆಯುವ ಅಧಿಕಾರ ವಿಭಾಗಕ್ಕೆ ಬೇಕು. ಲಾಗಿನ್ ಕೂಡ ಇದೇ ಜಾತಿಯದು. ಪಾಳಿಯೊಂದರಲ್ಲಿ 60 ಸಲ ಒಳಹೋಗುವವರಿಗೆ ಪ್ರತಿ ಸಲ 10 ಸೆಕೆಂಡ್ ಹೋದರೆ ಅದೇ 10 ನಿಮಿಷ. ಕಾರ್ಡ್ ತಾಗಿಸಿದರೆ ಬಿಟ್ಟಲ್ಲಿಂದಲೇ ಪರದೆ ತೆರೆಯುವಂತಿರಲಿ. ಇಲ್ಲವಾದರೆ ಒಬ್ಬರ ಲಾಗಿನ್ನಿನಲ್ಲಿ ಇಡೀ ಪಾಳಿ ಬರೆಯುತ್ತದೆ, ಯಾರು ಏನು ಮಾಡಿದರು ಎಂಬ ಜಾಡು ಹಾಳಾಗುತ್ತದೆ.

ಈಗ ಪಾಲುದಾರರ ಹುಡುಕಾಟ. ಸಾಮಾನ್ಯವಾಗಿ ಆಸ್ಪತ್ರೆಗಳು ನಾಲ್ಕುನೂರು ವೈಶಿಷ್ಟ್ಯಗಳ ಪಟ್ಟಿ ಮಾಡಿ ಕಳಿಸುತ್ತವೆ. ಕಂಪನಿಗಳು ಪ್ರತಿ ಸಾಲಿಗೂ ‘ಇದೆ’ ಎಂದು ಗುರುತು ಹಾಕಿ ಮರಳಿಸುತ್ತವೆ. ಆ ಕಾಗದದಿಂದ ಏನೂ ತಿಳಿಯುವುದಿಲ್ಲ. ಅದರ ಬದಲು ಹನ್ನೆರಡು ಸನ್ನಿವೇಶ ಬರೆಯಿರಿ, ಒಂದೊಂದೂ ಅರ್ಧ ಪುಟ. ಬರೆಯುವ ಮುನ್ನ ವಿಭಾಗದ ಮೂರೂ ಪಾಳಿಗಳಲ್ಲಿ ನಿಂತು ನೋಡಿ: ಯಾರು ಎಲ್ಲಿ ಬರೆಯುತ್ತಾರೆ, ಎಷ್ಟು ಸಲ ಅಡ್ಡಿಯಾಗುತ್ತದೆ, ಯಾವ ಮಾಹಿತಿ ಎರಡೆರಡು ಕಡೆ ನಮೂದಾಗುತ್ತದೆ. ರೋಗಿಗಳ ಸಂಖ್ಯೆ ಕೊಡುವಾಗ ದಿನದ ಸರಾಸರಿ ಬೇಡ, ಅತಿ ಹೆಚ್ಚು ದಟ್ಟಣೆಯ ಗಂಟೆಯ ಸಂಖ್ಯೆ ಕೊಡಿ. ವ್ಯವಸ್ಥೆ ಕುಸಿಯುವುದು ಆ ಗಂಟೆಯಲ್ಲೇ.

ಪ್ರಾಥಮಿಕ ಮಾಹಿತಿ ಕೋರಿಕೆಗೆ ಬಂದ ಉತ್ತರಗಳಲ್ಲಿ ಮೂರೋ ನಾಲ್ಕೋ ಕಂಪನಿಗಳನ್ನು ಪ್ರದರ್ಶನಕ್ಕೆ ಕರೆಯಿರಿ. ಕೀಲಿಮಣೆ ಅವರ ಮಾರಾಟಗಾರರ ಕೈಯಲ್ಲಿರಬಾರದು. ಅರ್ಧ ಗಂಟೆ ತರಬೇತಿ ಪಡೆದ ನಿಮ್ಮ ನರ್ಸ್ ಒಬ್ಬರು ಕೂತು ಆ ಸನ್ನಿವೇಶಗಳನ್ನು ನಡೆಸಲಿ. ಪ್ರತಿ ಎರಡು ನಿಮಿಷಕ್ಕೊಮ್ಮೆ ಯಾರಾದರೂ ಬೇಕೆಂದೇ ಅಡ್ಡಿಪಡಿಸಲಿ, ಇನ್ನೊಬ್ಬ ರೋಗಿಯ ದಾಖಲೆ ತೆರೆಸಲಿ. ಅರ್ಧ ಬರೆದ ಟಿಪ್ಪಣಿ ಉಳಿಯಿತೇ? ಎರಡನೇ ರೋಗಿಯ ಔಷಧ ಮೊದಲನೆಯವರ ಹೆಸರಿಗೆ ಹೋಯಿತೇ? ಅಂಕ ಕೊಡಬೇಕಾದದ್ದು ಇದಕ್ಕೆ.

ಇಡೀ ಆಸ್ಪತ್ರೆಗೆ ವ್ಯವಸ್ಥೆ ಕೊಡುವ ದೊಡ್ಡ ಕಂಪನಿಯಾದರೆ ಜೋಡಣೆಯ ತಲೆನೋವು ಕಡಿಮೆ, ಆದರೆ ತುರ್ತು ವಿಭಾಗದ ಬದಲಾವಣೆ ಕೋರಿಕೆ ಉದ್ದದ ಸರತಿಯಲ್ಲಿ ನಿಲ್ಲುತ್ತದೆ. ತುರ್ತು ವಿಭಾಗಕ್ಕೆಂದೇ ಮಾಡುವ ಸಣ್ಣ ಕಂಪನಿಗೆ ಕೆಲಸ ಗೊತ್ತು, ಆದರೆ ನಾಳೆ ಅದು ಉಳಿಯುತ್ತದೆಯೇ? 2004ರಲ್ಲಿ ಶುರುವಾದ ಓಪನ್‌ಎಂಆರ್‌ಎಸ್‌ನಂತಹ ಮುಕ್ತ ವೈದ್ಯಕೀಯ ದಾಖಲೆ ತಂತ್ರಾಂಶದ ಮೇಲೆ ಕಟ್ಟಿಸುವುದೂ ಒಂದು ದಾರಿ. ಪರವಾನಗಿ ಶುಲ್ಕ ಉಳಿಯುತ್ತದೆ, ನಿರ್ವಹಣೆಯ ಖರ್ಚು ಉಳಿಯುವುದಿಲ್ಲ. ಸಣ್ಣ ಕಂಪನಿಯನ್ನು ಆರಿಸಿದರೆ ಮೂಲ ಕೋಡನ್ನು ಮೂರನೆಯವರ ಬಳಿ ಠೇವಣಿ ಇಡಿಸಿ. ಆ ಠೇವಣಿಯಿಂದ ತಂತ್ರಾಂಶ ನಿಜಕ್ಕೂ ಕಟ್ಟಲು ಬರುತ್ತದೆಯೇ ಎಂದು ವರ್ಷಕ್ಕೊಮ್ಮೆ ಪರೀಕ್ಷಿಸಿ.

ಪೈಲಟ್, ಅಂದರೆ ಪೂರ್ಣ ಜಾರಿಗೆ ಮುನ್ನಿನ ಪ್ರಾಯೋಗಿಕ ಬಳಕೆ, ಅದನ್ನು ಉಚಿತವಾಗಿ ಮಾಡಿಕೊಡುತ್ತೇವೆ ಎಂದರೆ ಒಪ್ಪಬೇಡಿ ಎಂಬುದು ನಮ್ಮ ಸಲಹೆ. ಹಣ ಕೊಡದ ಕೆಲಸಕ್ಕೆ ಗಡುವೂ ಇರುವುದಿಲ್ಲ, ಹಕ್ಕೂ ಸ್ಪಷ್ಟವಿರುವುದಿಲ್ಲ. ಎಂಟರಿಂದ ಹನ್ನೆರಡು ವಾರದ ಪೈಲಟ್‌ಗೆ ಹಣ ನಿಗದಿ ಮಾಡಿ, ಹಂತ ಹಂತವಾಗಿ ಪಾವತಿಸಿ. ಚಿಕಿತ್ಸಾ ವಿಧಾನಗಳು, ಆದೇಶಗಳ ಗುಚ್ಛಗಳು ಆಸ್ಪತ್ರೆಯ ಸ್ವತ್ತು, ಕೋಡು ಕಂಪನಿಯದು. ಇಬ್ಬರೂ ಸೇರಿ ಮಾಡಿದ್ದರ ಪಾಲು ಎಷ್ಟೆಂದು ಮೊದಲ ದಿನವೇ ಬರೆದಿಡಿ. ರೋಗಿಗಳ ದತ್ತಾಂಶವನ್ನು ಗುರುತು ಅಳಿಸಿಯೇ ಆದರೂ ಬೇರೆ ಉತ್ಪನ್ನಕ್ಕೆ ಬಳಸಲು ಪ್ರತ್ಯೇಕ ಲಿಖಿತ ಅನುಮತಿ ಇರಲಿ. ವೈದ್ಯಕೀಯ ತಂತ್ರಾಂಶದ ಮಾನಕ ಐಇಸಿ 62304ರ ಪ್ರಕಾರ ಯಾವ ಭಾಗ ಎ, ಬಿ, ಸಿ ಸುರಕ್ಷತಾ ವರ್ಗಗಳಲ್ಲಿ ಎಲ್ಲಿ ಬರುತ್ತದೆ, ಅಪಾಯ ನಿರ್ವಹಣೆಯ ಮಾನಕ ಐಎಸ್‌ಒ 14971ರ ಪ್ರಕಾರ ಅಪಾಯಗಳ ಕಡತ ಯಾರ ಬಳಿ ಇದೆ ಎಂದು ಕೇಳಿ. ಉತ್ತರ ಗೊತ್ತಿಲ್ಲದವರು ವೈದ್ಯಕೀಯ ತಂತ್ರಾಂಶ ಮಾಡಿ ಅಭ್ಯಾಸವಿಲ್ಲದವರು.

ಜೋಡಣೆಯಲ್ಲಿ ಕೆಡುವುದು ಸದ್ದಿಲ್ಲದೆ. ಪ್ರಯೋಗಾಲಯದ ಫಲಿತಾಂಶದ ಸಂದೇಶದಲ್ಲಿ ಅದು ತಾತ್ಕಾಲಿಕವೋ, ಅಂತಿಮವೋ, ತಿದ್ದಿದ್ದೋ ಎಂದು ಹೇಳುವ ಒಂದು ಅಕ್ಷರವಿರುತ್ತದೆ. ರಕ್ತಕಣ ಒಡೆದ ಮಾದರಿಯಿಂದ ಪೊಟ್ಯಾಸಿಯಂ ತಪ್ಪಾಗಿ ಹೆಚ್ಚು, 6.8 ಎಂದು ಬಂದು, ಮರುಪರೀಕ್ಷೆಯಲ್ಲಿ 4.2 ಎಂದು ತಿದ್ದಿದಾಗ, ಆ ಅಕ್ಷರವನ್ನು ಓದದ ತಂತ್ರಾಂಶ ಎರಡನ್ನೂ ಎರಡು ಬೇರೆ ಪರೀಕ್ಷೆಗಳಂತೆ ತೋರಿಸುತ್ತದೆ. ವೈದ್ಯರು ಅದನ್ನು ಏರಿದ್ದು ಇಳಿಯಿತು ಎಂದು ಓದಿಕೊಳ್ಳುತ್ತಾರೆ. ಇನ್ನೊಂದು, ಸಂದೇಶಗಳ ಸರತಿ ನಿಂತುಹೋಗುವುದು. ಫಲಿತಾಂಶ ಬಂದಿಲ್ಲ ಎನ್ನುವುದಕ್ಕೂ ಬರುವ ದಾರಿ ಕಟ್ಟಿದೆ ಎನ್ನುವುದಕ್ಕೂ ಪರದೆಯಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಸರತಿಯಲ್ಲಿರುವ ಅತಿ ಹಳೆಯ ಸಂದೇಶಕ್ಕೆ ಐದು ನಿಮಿಷ ದಾಟಿದರೆ ಸದ್ದು ಮಾಡುವ ಗಂಟೆ ಬೇಕು, ಅದು ಕೇಳಿಸಬೇಕಾದದ್ದು ರಾತ್ರಿಯೂ ಎಚ್ಚರವಿರುವವರಿಗೆ. ಹೊಸದಾಗಿ ಕಟ್ಟುವುದಾದರೆ ಎಚ್‌ಎಲ್7ನದೇ ಹೊಸ ಮಾನಕವಾದ ಫೈರ್ ಬಳಸಿ. ಆದರೆ ಹಳೆಯ ಪ್ರಯೋಗಾಲಯ ಯಂತ್ರಗಳು ಇನ್ನೂ ಎಚ್‌ಎಲ್7 ಎರಡನೇ ಆವೃತ್ತಿಯಲ್ಲೇ ಮಾತಾಡುತ್ತವೆ, ಎರಡೂ ಬಲ್ಲ ಎಂಜಿನಿಯರ್ ತಂಡದಲ್ಲಿ ಒಬ್ಬರಾದರೂ ಇರಲಿ.

ಕೊನೆಯದು, ವ್ಯವಸ್ಥೆ ನಿಂತಾಗ ಏನು ಎಂಬುದು. 99.9 ಶೇಕಡಾ ಲಭ್ಯತೆ ಕೇಳಲು ಚೆಂದ. ಲೆಕ್ಕ ಹಾಕಿದರೆ ವರ್ಷಕ್ಕೆ ಹತ್ತಿರಹತ್ತಿರ 8 ಗಂಟೆ 45 ನಿಮಿಷ ನಿಂತರೂ ಮಾತು ಉಳಿಸಿಕೊಂಡಂತೆ. 99.5 ಎಂದರೆ ಸುಮಾರು 44 ಗಂಟೆ. ಪೂರ್ವಯೋಜಿತ ನಿಲುಗಡೆ ಈ ಲೆಕ್ಕದಲ್ಲಿ ಸೇರಿದೆಯೋ ಇಲ್ಲವೋ ನೋಡಿ, ಸಾಮಾನ್ಯವಾಗಿ ಸಣ್ಣಕ್ಷರದಲ್ಲಿ ಹೊರಗಿಟ್ಟಿರುತ್ತಾರೆ. ವಿಭಾಗದೊಳಗೆ ಬ್ಯಾಟರಿ ಬೆಂಬಲದ ಒಂದು ಗಣಕಯಂತ್ರ, ಅದಕ್ಕೆ ತಂತಿಯಲ್ಲೇ ಜೋಡಿಸಿದ ಮುದ್ರಕ. ಐದು ನಿಮಿಷಕ್ಕೊಮ್ಮೆ ಹಾಸಿಗೆಗಳ ಪಟ್ಟಿ, ಅಲರ್ಜಿ, ಕೊಟ್ಟ ಔಷಧ, ಬಾಕಿ ಪರೀಕ್ಷೆಗಳು ಅದರಲ್ಲಿ ನಕಲಾಗುತ್ತಿರಲಿ. ಮತ್ತೆ ಶುರುವಾದ ಮೇಲೆ ಎಲ್ಲವನ್ನೂ ಟೈಪ್ ಮಾಡಿಸಬೇಡಿ. ಅಲರ್ಜಿ, ಔಷಧ, ರೋಗಿ ಎಲ್ಲಿಗೆ ಹೋದರು ಎಂಬಿಷ್ಟನ್ನು ನಮೂದಿಸಿ, ಉಳಿದ ಕಾಗದ ಸ್ಕ್ಯಾನ್ ಆಗಲಿ. ಇದನ್ನೆಲ್ಲ ಪೈಲಟ್ ಅವಧಿಯಲ್ಲೇ ಒಮ್ಮೆ ನಡೆಸಿ ನೋಡಬೇಕು: ಆ ದಿನ ನಡೆಯುತ್ತಿರುವ ಎಲ್ಲ ಚಿಕಿತ್ಸೆಗೂ ಕಾಗದದ ಬೆಂಬಲ ಸಿದ್ಧವಿರಲಿ, ಪಾಳಿಯ ಹಿರಿಯ ವೈದ್ಯರಿಗೂ ಮುಖ್ಯ ನರ್ಸ್‌ಗೂ ಸಮಯ ತಿಳಿದಿರಲಿ. ಕಂಪನಿಗೆ ಮಾತ್ರ ಮುಂಚಿತವಾಗಿ ಹೇಳಬೇಡಿ, ಕೇಬಲ್ ಕಿತ್ತು ಗಡಿಯಾರ ನೋಡಿ, ಅವರ ಮೊದಲ ಫೋನ್ ಎಷ್ಟು ನಿಮಿಷಕ್ಕೆ ಬರುತ್ತದೆ ಎಂದು ಬರೆದುಕೊಳ್ಳಿ.