ತೀರ್ಮಾನಕ್ಕೆ ಮುಂಚಿನ ಮಾತು

ಕೇಳುಗರಿಗೆ ನಮಸ್ಕಾರ.

ಮಗನ ಮನೆಗೋ ಮಗಳ ಮನೆಗೋ ಎಂದು ಆರು ತಿಂಗಳ ಮಟ್ಟಿಗೆ ಅಮೆರಿಕಕ್ಕೆ ಹೋಗಿ, ಮೊಮ್ಮಕ್ಕಳನ್ನು ನೋಡಿಕೊಂಡು ಬಂದ ಹಿರಿಯರು ಈಗ ನಮ್ಮಲ್ಲಿ ಊರೂರಿನಲ್ಲೂ ಇದ್ದಾರೆ. ಹಾಸನದ ಕಡೆಯ ಅಂಥ ಒಬ್ಬ ಅಜ್ಜಿ ಹೇಳಿದ ಸಂಗತಿಯಿಂದ ಈ ಭಾಷಣವನ್ನು ಆರಂಭಿಸುತ್ತೇನೆ. ಅವರ ಮೊಮ್ಮಗನಿಗೆ ಆಗ ನಾಲ್ಕು ವರ್ಷ, ಮಾತು ತಡವಾಗಿತ್ತು. ಅಲ್ಲಿನ ಸಾರ್ವಜನಿಕ ಶಾಲೆಯವರು ಮಗುವನ್ನು ಪರೀಕ್ಷಿಸಿ, ಅರ್ಥವುಳ್ಳ ಪದಗಳನ್ನು ಬಳಸುವುದಿಲ್ಲ ಎಂದು ವರದಿ ಬರೆದರು. ಮಗ ಅದನ್ನು ಓದಿ ಹೇಳಿದಾಗ ಅಜ್ಜಿಗೆ ನಂಬಲಾಗಲಿಲ್ಲ. ಹಸಿವಾದರೆ ಹುಡುಗ ‘ಮಮ್ಮು’ ಎನ್ನುತ್ತಿದ್ದ, ನಿದ್ದೆ ಬಂದರೆ ‘ತಾಚಿ’ ಎನ್ನುತ್ತಿದ್ದ, ನೀರಿಗೆ ‘ನೀಯು’ ಎನ್ನುತ್ತಿದ್ದ. ಶಾಲೆಯಲ್ಲಿಯೂ ಅವನು ‘ತಾಚಿ, ತಾಚಿ’ ಎನ್ನುತ್ತ ಮೇಜಿನ ಮೇಲೆ ತಲೆಯಿಟ್ಟಿದ್ದನಂತೆ. ಅದನ್ನು ಅವರು ಅರ್ಥವಿಲ್ಲದ ಸದ್ದು ಎಂದು ಗುರುತು ಹಾಕಿಕೊಂಡಿದ್ದರು. ಪರೀಕ್ಷಿಸಿದವರು ಕಲಿತವರು, ಮಗುವಿನ ಮೇಲೆ ಅಕ್ಕರೆ ಇದ್ದವರು. ದಿನವಿಡೀ ಈ ಮಗುವಿನ ಜೊತೆ ಇರುವವರು ಯಾರು, ಅವರು ಮಗುವಿನೊಡನೆ ಯಾವ ಭಾಷೆಯಲ್ಲಿ ಮಾತನಾಡುತ್ತಾರೆ ಎಂಬ ಒಂದು ಪ್ರಶ್ನೆಯನ್ನು ಮಾತ್ರ ಅವರು ಕೇಳಿರಲಿಲ್ಲ.

ಅಮೆರಿಕದ ಸಾರ್ವಜನಿಕ ಶಾಲೆಗಳ ವಿಶೇಷ ಶಿಕ್ಷಣದ ಬಗ್ಗೆ ಇಂದು ನಾನು ಹೇಳಬೇಕೆಂದಿರುವುದು ಈ ಕೇಳದೆ ಉಳಿದ ಪ್ರಶ್ನೆಗೆ ಸಂಬಂಧಿಸಿದ್ದು. ಅಲ್ಲಿ ‘ಸ್ಕೂಲ್ ಡಿಸ್ಟ್ರಿಕ್ಟ್’ ಎಂದರೆ ನಮ್ಮ ಜಿಲ್ಲೆಯಲ್ಲ. ಒಂದು ಪಟ್ಟಣದ ಅಥವಾ ಕೆಲವು ಊರುಗಳ ಶಾಲೆಗಳನ್ನು ನಡೆಸುವ, ಸಾಮಾನ್ಯವಾಗಿ ಚುನಾಯಿತ ಮಂಡಳಿಯುಳ್ಳ, ಬಹುಮಟ್ಟಿಗೆ ಸ್ಥಳೀಯ ಆಸ್ತಿ ತೆರಿಗೆ ಮತ್ತು ರಾಜ್ಯದ ಹಣದಿಂದ ನಡೆಯುವ ಆಡಳಿತ ಘಟಕ ಅದು. ಇಂಥವು ದೇಶದಲ್ಲಿ ಸುಮಾರು 13,000 ಇವೆ. ಅಂಗವೈಕಲ್ಯವಿರುವ ಮಗುವಿಗೆ ಉಚಿತವಾಗಿ ತಕ್ಕ ಶಿಕ್ಷಣ ಕೊಡುವ ಹೊಣೆ ಕಾನೂನಿನ ಪ್ರಕಾರ ಈ ಡಿಸ್ಟ್ರಿಕ್ಟ್‌ನದು.

ಆ ಕಾನೂನು ಬಂದದ್ದು 1975ರ ನವೆಂಬರ್ 29ರಂದು, ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಅವರ ಸಹಿಯೊಂದಿಗೆ. ಅದಕ್ಕೆ ಮುಂಚೆ ಹತ್ತು ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಶಾಲೆಗಳು ಬಾಗಿಲಿನಲ್ಲಿಯೇ ತಡೆದಿದ್ದವು. 1972ರಲ್ಲಿ ಪೆನ್ಸಿಲ್ವೇನಿಯಾದ ಮತ್ತು ರಾಜಧಾನಿ ವಾಷಿಂಗ್ಟನ್ನಿನ ಪೋಷಕರು ನ್ಯಾಯಾಲಯಗಳಲ್ಲಿ ಗೆದ್ದ ಮೇಲೆಯೇ ಸಂಸತ್ತು ಎಚ್ಚೆತ್ತುಕೊಂಡಿತು. ಹಣವಿಲ್ಲ ಎಂಬ ನೆಪದಲ್ಲಿ ಇಂಥ ಮಕ್ಕಳನ್ನು ಮಾತ್ರ ಹೊರಗಿಡುವಂತಿಲ್ಲ ಎಂದು ವಾಷಿಂಗ್ಟನ್ನಿನ ತೀರ್ಪು ಸ್ಪಷ್ಟವಾಗಿ ಹೇಳಿತ್ತು. 1990ರಲ್ಲಿ ಹೆಸರು ಬದಲಾದ ಈ ಕಾಯಿದೆಯನ್ನು ಈಗ ಅಲ್ಲಿ ಎಲ್ಲರೂ ‘ಐಡಿಯಾ’ ಎಂದು ಕರೆಯುತ್ತಾರೆ. ಎಪ್ಪತ್ತು ಲಕ್ಷಕ್ಕೂ ಹೆಚ್ಚು ಮಕ್ಕಳು ಇದರ ಆಶ್ರಯದಲ್ಲಿ ಓದುತ್ತಿದ್ದಾರೆ. ಪ್ರತಿ ಮಗುವಿಗೂ ಲಿಖಿತ ಯೋಜನೆಯೊಂದು, ಅಂದರೆ ‘ಐಇಪಿ’, ಇರಬೇಕು, ಅದನ್ನು ತಂದೆತಾಯಿಗಳು, ಸಾಮಾನ್ಯ ತರಗತಿಯ ಶಿಕ್ಷಕರು, ವಿಶೇಷ ಶಿಕ್ಷಕರು ಮತ್ತು ಡಿಸ್ಟ್ರಿಕ್ಟ್‌ನ ಪ್ರತಿನಿಧಿ ಒಟ್ಟಿಗೆ ಕುಳಿತು ಬರೆಯಬೇಕು, ವರ್ಷಕ್ಕೊಮ್ಮೆಯಾದರೂ ಪರಿಶೀಲಿಸಬೇಕು. ಹೀಗೆ ಪೋಷಕರನ್ನು ಯೋಜನೆಯ ಕರ್ತೃಗಳಲ್ಲಿ ಒಬ್ಬರನ್ನಾಗಿ ಮಾಡಿದ್ದೇ ಈ ಕಾನೂನಿನ ಹೆಚ್ಚುಗಾರಿಕೆ ಎಂದು ನಾನು ತಿಳಿದಿದ್ದೇನೆ.

ಹಣದ ವಿಷಯ ಹಳೆಯ ತಕರಾರು. ಹೆಚ್ಚುವರಿ ವೆಚ್ಚಕ್ಕೆಂದು, ದೇಶದ ಸರಾಸರಿ ವಿದ್ಯಾರ್ಥಿ ವೆಚ್ಚದ ಶೇ. 40ರಷ್ಟನ್ನು ಕೇಂದ್ರ ಕೊಡುವುದಾಗಿ 1975ರಲ್ಲಿ ಮಾತಾಗಿತ್ತು. ಒಂದು ವರ್ಷವೂ ಅದು ಪೂರ್ತಿಯಾಗಿ ಬಂದಿಲ್ಲ, ಇತ್ತೀಚಿನ ವರ್ಷಗಳಲ್ಲಿ ಶೇ. 15ನ್ನು ದಾಟಿಲ್ಲ. ಹಣವೊಂದು ಬಂದರೆ ಎಲ್ಲ ಸರಿಹೋಗುತ್ತದೆ ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಸೇವೆ ಎಲ್ಲೆಲ್ಲಿ ಮುರಿದುಬಿದ್ದಿದೆಯೋ ಅಲ್ಲೆಲ್ಲ, ಅದಕ್ಕೂ ಮುಂಚೆ, ಶಾಲೆಯ ಮತ್ತು ಮನೆಯ ನಡುವಣ ಮಾತು ಮುರಿದುಬಿದ್ದಿರುವುದು ಕಾಣುತ್ತದೆ.

ಮಿಶಿಗನ್ ರಾಜ್ಯದ ಸ್ಟರ್ಜಿಸ್ ಎಂಬ ಸಣ್ಣ ಊರಿನ ಮೊಕದ್ದಮೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಮಿಗೆಲ್ ಪೆರೆಜ್ ಎಂಬ ಕಿವುಡ ಹುಡುಗ, ಮೆಕ್ಸಿಕೊದಿಂದ ವಲಸೆ ಬಂದ ಕುಟುಂಬದವನು, ಒಂಬತ್ತನೆಯ ವಯಸ್ಸಿನಿಂದ ಇಪ್ಪತ್ತರವರೆಗೆ ಆ ಊರಿನ ಶಾಲೆಗಳಲ್ಲಿ ಓದಿದ. ಅವನಿಗೆ ಕೊಟ್ಟ ಸಹಾಯಕರಿಗೆ ಸಂಜ್ಞಾ ಭಾಷೆಯಲ್ಲಿ ತಕ್ಕ ತರಬೇತಿ ಇರಲಿಲ್ಲ, ಕೆಲವೊಮ್ಮೆ ಗಂಟೆಗಟ್ಟಲೆ ಅವರು ಜೊತೆಯಲ್ಲಿಯೇ ಇರುತ್ತಿರಲಿಲ್ಲ ಎಂಬುದು ಕುಟುಂಬದ ದೂರು. ಆದರೆ ಮನೆಗೆ ಬರುತ್ತಿದ್ದ ಅಂಕಪಟ್ಟಿ ಚೆನ್ನಾಗಿಯೇ ಇರುತ್ತಿತ್ತು. ವರ್ಷ ವರ್ಷವೂ ಹುಡುಗ ಮುಂದಿನ ತರಗತಿಗೆ ಹೋಗುತ್ತಿದ್ದ. ಎಲ್ಲರಂತೆ ಡಿಪ್ಲೊಮಾ ಸಿಗುತ್ತದೆ ಎಂದು ತಂದೆತಾಯಿ ನಂಬಿಕೊಂಡಿದ್ದಾಗ, ಪದವಿ ಪ್ರದಾನಕ್ಕೆ ಕೆಲವೇ ತಿಂಗಳು ಉಳಿದಿರುವಾಗ, ಅದು ಸಿಗುವುದಿಲ್ಲವೆಂಬ ಸುದ್ದಿ ಬಂತು. ವಿಶೇಷ ಶಿಕ್ಷಣದ ದೂರು ರಾಜಿಯಲ್ಲಿ ಮುಗಿದು, ಕಿವುಡರ ರಾಜ್ಯ ಶಾಲೆಯಲ್ಲಿ ಅವನ ಓದಿಗೆ ಏರ್ಪಾಡಾಯಿತು. ಕಳೆದುಹೋದ ವರ್ಷಗಳಿಗೆ ಪರಿಹಾರ ಕೇಳಿ ಅವನು ಇನ್ನೊಂದು ಕಾನೂನಿನ ಅಡಿಯಲ್ಲಿ ಹೋದಾಗ ಕೆಳಗಿನ ನ್ಯಾಯಾಲಯಗಳು ತಿರಸ್ಕರಿಸಿದವು. 2023ರ ಮಾರ್ಚಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಒಂದೂ ಭಿನ್ನಮತವಿಲ್ಲದೆ, ಅವನ ಮೊಕದ್ದಮೆ ನಡೆಯಬಹುದು ಎಂದಿತು.

ವಕೀಲರಿಗೆ ಈ ತೀರ್ಪಿನಲ್ಲಿ ಆಸಕ್ತಿ ಹುಟ್ಟಿಸುವುದು ಯಾವ ಕಾನೂನಿನಲ್ಲಿ ಯಾವ ಪರಿಹಾರ ಎಂಬ ಪ್ರಶ್ನೆ. ನನ್ನನ್ನು ಕಾಡುವುದು ಆ ಅಂಕಪಟ್ಟಿ. ಹನ್ನೊಂದು ವರ್ಷಗಳ ಕಾಲ ಮನೆಗೆ ಕಾಗದಗಳು ಬರುತ್ತಿದ್ದವು, ಅಂದರೆ ಮೇಲುನೋಟಕ್ಕೆ ಸಂವಹನಕ್ಕೆ ಕೊರತೆಯಿರಲಿಲ್ಲ. ಮಗು ಏನನ್ನು ಕಲಿತಿದೆ, ಏನನ್ನು ಕಲಿತಿಲ್ಲ ಎಂಬುದು ಆ ಕಾಗದಗಳಲ್ಲಿ ಇರಲಿಲ್ಲ, ಅಷ್ಟೇ. ಕಹಿ ಸುದ್ದಿಯನ್ನು ತಡೆಹಿಡಿದು ಪೋಷಕರ ಮನಸ್ಸನ್ನು ನೋಯಿಸದಿರುವುದು ದಯೆಯಂತೆ ಕಾಣಬಹುದು. ನಾಲ್ಕನೆಯ ತರಗತಿಯಲ್ಲಿ ತಿಳಿದಿದ್ದರೆ ಸರಿಪಡಿಸಬಹುದಾಗಿದ್ದದ್ದು ಹನ್ನೆರಡನೆಯದರಲ್ಲಿ ತಿಳಿದರೆ ಆ ದಯೆಯ ಬೆಲೆಯನ್ನು ಮಗುವೇ ಕಟ್ಟಬೇಕಾಗುತ್ತದೆ.

2017ರ ಇನ್ನೊಂದು ತೀರ್ಪು ಕೊಲರಾಡೊ ರಾಜ್ಯದ ಡಗ್ಲಸ್ ಕೌಂಟಿಯದು. ಆಟಿಸಂ ಇದ್ದ ಹುಡುಗನೊಬ್ಬನ ಯೋಜನೆಯಲ್ಲಿ ಒಂದು ವರ್ಷದ ಗುರಿಗಳೇ ಬಹುಮಟ್ಟಿಗೆ ಮರುವರ್ಷವೂ ಹಾಗೆಯೇ ಮುಂದುವರಿದಿದ್ದವು. ಏನೋ ಒಂದಿಷ್ಟು ಪ್ರಗತಿಯಾದರೆ ಸಾಕು ಎಂದು ಕೆಳಗಿನ ನ್ಯಾಯಾಲಯ ಹೇಳಿದ್ದನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಮಗುವಿನ ಪರಿಸ್ಥಿತಿಗೆ ತಕ್ಕಂತೆ ಮುನ್ನಡೆ ಸಾಧ್ಯವಾಗುವ ಯೋಜನೆಯನ್ನೇ ಶಾಲೆ ರೂಪಿಸಬೇಕು ಎಂದಿತು. ಮಕ್ಕಿಕಾಮಕ್ಕಿ ನಕಲು ಮಾಡಿದ ಗುರಿ ಎಂದರೆ ಆ ವರ್ಷ ಆ ಮಗುವನ್ನು ಯಾರೂ ಹೊಸದಾಗಿ ನೋಡಿಲ್ಲ ಎಂದರ್ಥ. ‘ಓದುವ ಸಾಮರ್ಥ್ಯ ಸುಧಾರಿಸುವುದು’ ಎಂದು ಬರೆದ ಗುರಿಯನ್ನು ಯಾರೂ ಪರೀಕ್ಷಿಸಲಾರರು. ಸೆಪ್ಟೆಂಬರಿನಲ್ಲಿ ನಿಮಿಷಕ್ಕೆ ಇಪ್ಪತ್ತು ಪದ ಓದುತ್ತಿದ್ದ ಮಗು ಮೇ ತಿಂಗಳ ಹೊತ್ತಿಗೆ ನಲವತ್ತೈದು ಪದ ಓದಬೇಕು, ಎರಡು ವಾರಕ್ಕೊಮ್ಮೆ ಅಳೆದು ಮನೆಗೆ ತಿಳಿಸಬೇಕು ಎಂದು ಬರೆದರೆ, ಇಂಗ್ಲಿಷ್ ಅಷ್ಟಾಗಿ ಬಾರದ ತಾಯಿಗೂ ಅಂಕಿ ನೋಡಿ ವಿಷಯ ತಿಳಿಯುತ್ತದೆ.

ಮಾತು ಮನೆಯೊಳಕ್ಕೆ ಬಾರದಂತೆ ಒಂದು ಇಡೀ ರಾಜ್ಯವೇ ತಡೆದ ಉದಾಹರಣೆಯೂ ಇದೆ, ಅದು ಕನ್ನಡಿಗರು ಬಹಳ ಮಂದಿ ನೆಲೆಸಿರುವ ಟೆಕ್ಸಸ್. ವಿಶೇಷ ಶಿಕ್ಷಣ ಪಡೆಯುವ ಮಕ್ಕಳು ಶೇ. 8.5ರಷ್ಟಿದ್ದರೆ ಚೆನ್ನ ಎಂಬ ಮಾನದಂಡವನ್ನು ಅಲ್ಲಿನ ಶಿಕ್ಷಣ ಇಲಾಖೆ 2004ರಲ್ಲಿ ತಂದಿತು. ಡಿಸ್ಟ್ರಿಕ್ಟ್‌ಗಳು ಅದನ್ನು ಮಿತಿಯೆಂದೇ ತಿಳಿದು ನಡೆದುಕೊಂಡವು. ದೇಶದ ಸರಾಸರಿ ಶೇ. 13ರ ಸುಮಾರಿನಲ್ಲಿದ್ದಾಗ ಟೆಕ್ಸಸ್ಸಿನದು ಶೇ. 8.5ಕ್ಕೆ ಬಂದು ನಿಂತಿತ್ತು. 2016ರಲ್ಲಿ ಹ್ಯೂಸ್ಟನ್ನಿನ ಪತ್ರಿಕೆಯೊಂದು ಇದನ್ನು ಬಯಲಿಗೆಳೆಯಿತು. 2018ರಲ್ಲಿ ಕೇಂದ್ರ ಶಿಕ್ಷಣ ಇಲಾಖೆ ಇದು ಕಾನೂನಿನ ಉಲ್ಲಂಘನೆ ಎಂದು ಹೇಳಿತು. ಅಷ್ಟು ವರ್ಷ ‘ಇನ್ನೂ ಸ್ವಲ್ಪ ಕಾದು ನೋಡೋಣ’ ಎಂದು ಹೇಳಿಸಿಕೊಂಡ ತಂದೆತಾಯಿಗಳಿಗೆ, ಆ ಮಾತಿನ ಹಿಂದೆ ಒಂದು ಅಂಕಿ ಕುಳಿತಿದೆಯೆಂದು ತಿಳಿಯುವ ದಾರಿಯೇ ಇರಲಿಲ್ಲ.

ಇನ್ನು ಐಇಪಿ ಬರೆಯುವ ಆ ಸಭೆಯ ಕೋಣೆಗೆ ಬರೋಣ. ಮೇಜಿನ ಒಂದು ಬದಿಗೆ ಆರೇಳು ಮಂದಿ: ಮನಶ್ಶಾಸ್ತ್ರಜ್ಞರು, ಸ್ಪೀಚ್ ಥೆರಪಿಸ್ಟ್, ಶಿಕ್ಷಕರು, ಅಧಿಕಾರಿಗಳು. ಇನ್ನೊಂದು ಬದಿಗೆ ತಂದೆ ತಾಯಿ. ನಲವತ್ತು ಪುಟದ ಕರಡನ್ನು ಅಲ್ಲಿಯೇ ಮೊದಲ ಬಾರಿಗೆ ಕಾಣುತ್ತಾರೆ. ಒಂದು ಗಂಟೆಯಲ್ಲಿ ಮುಂದಿನ ಸಭೆ ಕಾದಿರುತ್ತದೆ. ನಮ್ಮವರ ಕಷ್ಟ ಇನ್ನೂ ಒಂದಿದೆ. ಮೇಷ್ಟ್ರು ಹೇಳಿದ ಮೇಲೆ ಎದುರು ಮಾತಾಡಬಾರದು ಎಂದು ಕಲಿತು ಬೆಳೆದವರು ನಾವು. ಕಂಪನಿಯ ಸಭೆಗಳಲ್ಲಿ ಗಟ್ಟಿಯಾಗಿ ವಾದಿಸುವ ಎಂಜಿನಿಯರು ಕೂಡ ಈ ಕೋಣೆಯಲ್ಲಿ ತಲೆಯಾಡಿಸಿ, ತೋರಿಸಿದಲ್ಲಿ ಸಹಿ ಹಾಕಿ, ಕಾರಿನಲ್ಲಿ ಕುಳಿತ ಮೇಲೆ ಹೆಂಡತಿಯ ಮುಖ ನೋಡುತ್ತಾನೆ. ಸಭೆಗೆ ಹಾಜರಿದ್ದೇನೆ ಎಂಬ ಸಹಿ ಬೇರೆ, ಸೇವೆಗೆ ಒಪ್ಪಿದ್ದೇನೆ ಎಂಬ ಸಹಿ ಬೇರೆ ಎಂದು ಅವರಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ.

ಆದ್ದರಿಂದ ಡಿಸ್ಟ್ರಿಕ್ಟ್ ಒಂದು ನಿಜವಾಗಿಯೂ ಸುಧಾರಿಸಬೇಕೆಂದಿದ್ದರೆ ಮೊದಲು ಮಾಡಬೇಕಾದದ್ದು, ಕರಡನ್ನು ಮತ್ತು ಪರೀಕ್ಷೆಯ ವರದಿಯನ್ನು ಸಭೆಗೆ ಒಂದು ವಾರ ಮುಂಚೆ ಮನೆಗೆ ಕಳುಹಿಸುವುದು. ಇದಕ್ಕೆ ಹೊಸ ಹಣ ಬೇಕಿಲ್ಲ. ತೀರ್ಮಾನವಾದ ಮೇಲೆ ಕರೆಯುವ ಸಭೆ ಬರಿಯ ಪ್ರಕಟಣೆಯಾಗುತ್ತದೆ. ಪೋಷಕರಿಗೆ ಸಭೆ ಅರ್ಥವಾಗುವಂತೆ ದುಭಾಷಿಯನ್ನು ಒದಗಿಸುವುದೂ, ಹಕ್ಕುಗಳ ವಿವರಣೆಯನ್ನು ಸಾಧ್ಯವಿರುವಷ್ಟೂ ಅವರ ಭಾಷೆಯಲ್ಲಿ ಕೊಡುವುದೂ ಕಾನೂನಿನಲ್ಲಿಯೇ ಇದೆ. ಆದರೆ ಇಂಗ್ಲಿಷ್ ಬರುತ್ತದೆಯಲ್ಲ ಎಂಬ ಊಹೆಯಿಂದ ನಮ್ಮವರಿಗೆ ಅದನ್ನು ಯಾರೂ ಕೇಳುವುದಿಲ್ಲ, ಕೇಳಿದರೂ ನಮ್ಮವರು ಸಂಕೋಚದಿಂದ ಬೇಡ ಎನ್ನುತ್ತಾರೆ. ಮಗುವಿನ ಅಕ್ಕನನ್ನೋ ಅಣ್ಣನನ್ನೋ ದುಭಾಷಿಯಾಗಿ ಕೂರಿಸುವುದಂತೂ ಕೂಡದು; ತಮ್ಮನ ಕೊರತೆಗಳ ಪಟ್ಟಿಯನ್ನು ಹನ್ನೆರಡು ವರ್ಷದ ಹುಡುಗಿಯ ಬಾಯಲ್ಲಿ ಹೇಳಿಸುವುದು ಆ ಹುಡುಗಿಗೂ ಅನ್ಯಾಯ.

ಊರಿನಿಂದ ತಂದ ವರದಿಗಳ ಬಗ್ಗೆಯೂ ಒಂದು ಮಾತು. 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿಯೋ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೋ ಮಗುವನ್ನು ತೋರಿಸಿದ್ದರೆ, ಆ ವರದಿಯನ್ನು ಧೈರ್ಯವಾಗಿ ಮೇಜಿನ ಮೇಲಿಡಬಹುದು. ಪೋಷಕರು ತಾವಾಗಿ ಮಾಡಿಸಿ ತಂದ ಪರೀಕ್ಷೆಯು ಡಿಸ್ಟ್ರಿಕ್ಟ್‌ನ ಮಾನದಂಡಕ್ಕೆ ಹೊಂದುವುದಾದರೆ ಶಾಲೆಯ ತಂಡ ಅದನ್ನು ಪರಿಗಣಿಸಲೇಬೇಕು. ಒಪ್ಪಲೇಬೇಕೆಂದಿಲ್ಲ, ಓದದೆ ಪಕ್ಕಕ್ಕಿಡುವಂತಿಲ್ಲ. ಕನ್ನಡದಲ್ಲಿ ಪರೀಕ್ಷಿಸಿದ ವರದಿಯಾಗಿದ್ದರೆ ಅದರ ಬೆಲೆ ಇನ್ನೂ ಹೆಚ್ಚು.

ಇನ್ನೊಂದು ಸಲಹೆ ಈಗಲೂ ಕಿವಿಗೆ ಬೀಳುತ್ತಿರುತ್ತದೆ: ಮಗುವಿಗೆ ಮಾತು ತಡವಾಗಿದೆ, ಆದ್ದರಿಂದ ಮನೆಯಲ್ಲಿ ಕನ್ನಡ ನಿಲ್ಲಿಸಿ, ಇಂಗ್ಲಿಷ್ ಮಾತ್ರ ಆಡಿ. ಎರಡು ಭಾಷೆಯಿಂದ ಮಾತಿನ ತೊಂದರೆ ಹುಟ್ಟುವುದೂ ಇಲ್ಲ, ಹೆಚ್ಚುವುದೂ ಇಲ್ಲ ಎಂದು ಭಾಷಾ ಚಿಕಿತ್ಸೆಯ ಕ್ಷೇತ್ರದಲ್ಲಿ ಈಗ ಒಪ್ಪಿತವಾಗಿದೆ. ಹೀಗಿರುವಾಗ ಆ ಸಲಹೆಯನ್ನು ಪಾಲಿಸಿದ ಮನೆಯಲ್ಲಿ ನಡೆಯುವುದೇನು? ದಿನಕ್ಕೆ ಎಂಟು ಗಂಟೆ ಮಗುವಿನ ಜೊತೆ ಹರಟುತ್ತಿದ್ದ ಅಜ್ಜಿ ಮೌನವಾಗುತ್ತಾರೆ. ಮಾತು ಬೇಕಾಗಿರುವ ಮಗುವಿನ ಕಿವಿಗೆ ಬೀಳುವ ಮಾತೇ ಅರ್ಧವಾಗುತ್ತದೆ.

ಶಿಕ್ಷಕರ ಕಡೆಗೂ ನ್ಯಾಯವಾಗಿ ನೋಡಬೇಕು. ವಿಶೇಷ ಶಿಕ್ಷಕರ ಕೊರತೆ ಆ ದೇಶದಲ್ಲಿ ದೀರ್ಘಕಾಲದ್ದು. ಇದ್ದವರ ಸಂಜೆಗಳೆಲ್ಲ ಅರ್ಜಿ ನಮೂನೆಗಳನ್ನು ತುಂಬುವುದರಲ್ಲಿ ಕಳೆಯುತ್ತವೆ. ಮೊಕದ್ದಮೆಯ ಭಯದಿಂದ ಪ್ರತಿಯೊಂದು ವಾಕ್ಯವನ್ನೂ ವಕೀಲರು ಮೆಚ್ಚುವಂತೆ ಬರೆಯಬೇಕಾಗಿ ಬಂದಾಗ, ತಾಯಿಗೆ ತಿಳಿಯುವಂತೆ ಬರೆಯುವುದು ಹಿಂದೆ ಬೀಳುತ್ತದೆ. ಶಾಲೆಯ ಒಳಗೂ ಮಾತು ಹರಿಯುವುದಿಲ್ಲ. ಯೋಜನೆಯನ್ನು ಕಂಪ್ಯೂಟರಿನಲ್ಲಿ ಭದ್ರವಾಗಿ ಇಟ್ಟಿರುತ್ತಾರೆ. ಸಂಗೀತದ ಶಿಕ್ಷಕಿಗೆ, ರಜೆಯ ಮೇಲೆ ಹೋದವರ ಬದಲಿಗೆ ಬಂದವರಿಗೆ, ಬಸ್ಸಿನ ಚಾಲಕನಿಗೆ ಅದರ ಸುಳಿವೇ ಇರುವುದಿಲ್ಲ. ಗಟ್ಟಿ ಸದ್ದಿಗೆ ಬೆದರುವ ಮಗು ಇದು ಎಂಬ ಒಂದು ಸಾಲು ಬಸ್ಸಿನ ಚಾಲಕನಿಗೆ ತಿಳಿದಿದ್ದರೆ ಎಷ್ಟೋ ಬೆಳಗಿನ ರಂಪಗಳು ತಪ್ಪುತ್ತವೆ. ಪ್ರತಿ ಮಗುವಿನ ಯೋಜನೆಯ ತಿರುಳನ್ನು ಒಂದೇ ಪುಟದಲ್ಲಿ ಬರೆದು, ಆ ಮಗುವನ್ನು ನೋಡಿಕೊಳ್ಳುವ ಎಲ್ಲರಿಗೂ ಶಾಲೆ ತೆರೆಯುವ ಮೊದಲ ದಿನವೇ ಕೊಡುವ ಪದ್ಧತಿ ಬರಬೇಕು.

ಈ ಭಾಷಣವನ್ನು ಕೇಳುತ್ತಿರುವ ಹಿರಿಯರಲ್ಲಿ ಯಾರಾದರೂ ಇಂಥ ಮೊಮ್ಮಗುವನ್ನು ನೋಡಿಕೊಳ್ಳಲು ಹೊರಟಿದ್ದರೆ, ಮಗು ಆಡುವ ಪದಗಳನ್ನು ಕನ್ನಡದಲ್ಲಿಯೇ ಒಂದು ಪುಸ್ತಕದಲ್ಲಿ ಬರೆದಿಡಿ. ಯಾವಾಗ ಆಡಿತು, ಏನನ್ನು ತೋರಿಸಿ ಆಡಿತು ಎಂಬುದನ್ನೂ ಸೇರಿಸಿ. ಮಗನೋ ಸೊಸೆಯೋ ಅದನ್ನು ಇಂಗ್ಲಿಷಿಗೆ ತಿರುಗಿಸಿ, ಪರೀಕ್ಷೆ ಮಾಡಬೇಕೆಂಬ ಕೋರಿಕೆಯ ಜೊತೆಗೆ, ಬಾಯಿಮಾತಿನಲ್ಲಿ ಬಿಡದೆ, ತಾರೀಖು ಹಾಕಿದ ಪತ್ರವಾಗಿ ಶಾಲೆಗೆ ಕೊಡಲಿ. ಪೋಷಕರು ಪರೀಕ್ಷೆಗೆ ಲಿಖಿತ ಒಪ್ಪಿಗೆ ಕೊಟ್ಟ ದಿನದಿಂದ 60 ದಿನಗಳ ಒಳಗೆ, ಅಥವಾ ಆಯಾ ರಾಜ್ಯ ಗೊತ್ತುಮಾಡಿದ ಅವಧಿಯೊಳಗೆ, ಶಾಲೆ ಅದನ್ನು ಮುಗಿಸಬೇಕು. ಬೇಡವೆಂದು ನಿರಾಕರಿಸುವುದಾದರೆ ಕಾರಣವನ್ನೂ ಬರೆದೇ ಕೊಡಬೇಕು. ಹಾಸನದ ಅಜ್ಜಿಯ ಪುಸ್ತಕದಲ್ಲಿ, ಅವರು ಹಿಂದಿರುಗುವ ಹೊತ್ತಿಗೆ, ಮೂವತ್ತೊಂದು ಪದಗಳಿದ್ದವಂತೆ.

ನಮಸ್ಕಾರ.