ಜೋಗಕ್ಕೆ ಹೊರಡುವ ಮುನ್ನ

ಕೇಳುಗರಿಗೆ ನಮಸ್ಕಾರ.

ಜೋಗ ನೋಡಿ ಬಂದವರಲ್ಲಿ ಕೆಲವರು ಬಾಯ್ತುಂಬ ಹೊಗಳುತ್ತಾರೆ, ಕೆಲವರು ‘ಬರೀ ಬಂಡೆ ನೋಡಿ ಬಂದೆವು’ ಎಂದು ಗೊಣಗುತ್ತಾರೆ. ಇಬ್ಬರು ಹೇಳುವುದೂ ನಿಜ. ಏಕೆಂದರೆ ಜಲಪಾತದ ಭಾಗ್ಯ ನಿರ್ಧಾರವಾಗುವುದು ಅದಕ್ಕಿಂತ ಮೇಲೆ, ಲಿಂಗನಮಕ್ಕಿಯಲ್ಲಿ. 1964ರಲ್ಲಿ ಪೂರ್ಣಗೊಂಡ ಈ ಅಣೆಕಟ್ಟು ಶರಾವತಿಯನ್ನು ಹಿಡಿದು ನಿಲ್ಲಿಸುತ್ತದೆ. ಅಲ್ಲಿಂದ ನೀರು ಕಾಲುವೆ, ಕೊಳವೆಗಳ ದಾರಿ ಹಿಡಿದು ವಿದ್ಯುದಾಗಾರ ಸೇರುತ್ತದೆ, ಜಲಪಾತದ ನೆತ್ತಿಗೆ ಬರುವುದಿಲ್ಲ. ಜೋಗದಲ್ಲಿ ನೀರು ಧುಮುಕಬೇಕಾದರೆ ಒಂದೋ ಅಣೆಕಟ್ಟಿಗೂ ಜಲಪಾತಕ್ಕೂ ನಡುವಿನ ಕಾಡಿನಲ್ಲಿ ಮಳೆ ಹೊಡೆಯಬೇಕು, ಇಲ್ಲವೇ ಅಣೆಕಟ್ಟು ತುಂಬಿ ಗೇಟು ತೆರೆಯಬೇಕು.

ಹಾಗಾಗಿ ಹೊರಡುವ ಮುಂಚೆ ಜಲಾಶಯದ ಮಟ್ಟ ನೋಡಿ. ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಮಳೆಗಾಲದಲ್ಲಿ ಪತ್ರಿಕೆಗಳಲ್ಲಿ ಇದು ಬರುತ್ತದೆ. ಇಲ್ಲೊಂದು ಎಡವುವ ಜಾಗವಿದೆ: ‘ಹೊರಹರಿವು ಇಷ್ಟು ಸಾವಿರ ಕ್ಯೂಸೆಕ್’ ಎಂದು ಓದಿದೊಡನೆ ಚೀಲ ಕಟ್ಟಬೇಡಿ. ವಿದ್ಯುತ್ ಉತ್ಪಾದನೆಗೆ ಹೋದ ನೀರೂ ಆ ಅಂಕಿಯೊಳಗೇ ಇರಬಹುದು. ಗೇಟಿನಿಂದ ನೀರು ಬಿಟ್ಟಿದ್ದಾರೆಯೇ ಎಂಬುದನ್ನು ಬೇರೆಯಾಗಿ ಕೇಳಿಕೊಳ್ಳಿ. ಬೇಸಿಗೆಯಲ್ಲಂತೂ ಬಂಡೆಯ ಮೇಲೆ ನಾಲ್ಕು ದಾರ ಇಳಿಬಿಟ್ಟ ಹಾಗೆ ಕಂಡರೆ ಪುಣ್ಯ.

ಗೇಟು ಪೂರ್ತಿ ತೆರೆದ ದಿನವೇ ಹೋಗಬೇಕೆಂಬ ಹಟ ಬೇಡ. ಆಗ ಸದ್ದು ಎದೆ ನಡುಗಿಸುತ್ತದೆ, ಸರಿ. ಆದರೆ ನಾಲ್ಕು ಧಾರೆಗಳೂ ಕಲಸಿಹೋಗಿ, ತುಂತುರು ಮೇಲೆದ್ದು ಮುಕ್ಕಾಲು ನೋಟವನ್ನು ನುಂಗುತ್ತದೆ. ಮಳೆ ತಗ್ಗಿ, ಧಾರೆಗಳಿನ್ನೂ ಸೊರಗದಿರುವ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳು ನೋಡುವುದಕ್ಕೆ ಹೆಚ್ಚು ಒಳ್ಳೆಯವು. ಆಗಲೇ ರಾಜ, ರೋರರ್, ರಾಕೆಟ್, ರಾಣಿ ಬೇರೆಬೇರೆಯಾಗಿ ಕಾಣುವುದು. ಎದುರಿನ ವೀಕ್ಷಣೆಯ ಕಟ್ಟೆಯಿಂದ ನೋಡಿದರೆ ಎಡತುದಿಯಲ್ಲಿರುವುದು ರಾಜ, 830 ಅಡಿ ಎಲ್ಲೂ ಬಂಡೆ ತಾಗದೆ ಬೀಳುತ್ತದೆ. ಪಕ್ಕದ ರೋರರ್ ಬಂಡೆಯ ಸಂದಿಯಲ್ಲಿ ಗುದ್ದಾಡುತ್ತ ಬಂದು ನಡುದಾರಿಯಲ್ಲಿ ರಾಜನನ್ನು ಕೂಡಿಕೊಳ್ಳುತ್ತದೆ. ರಾಕೆಟ್ ಬಾಣ ಬಿಟ್ಟಂತೆ ಚಿಮ್ಮುತ್ತದೆ, ರಾಣಿ ನೊರೆಯಾಗಿ ಬಂಡೆಯ ಮೈ ಸವರಿಕೊಂಡು ಇಳಿಯುತ್ತದೆ.

ರಾಜನ ನೆತ್ತಿಯಲ್ಲಿ ಒಂದು ನೊರೆಯ ಮುದ್ದೆಯನ್ನು ಗುರುತಿಟ್ಟು ಅದರ ಜೊತೆಗೇ ಕಣ್ಣು ಇಳಿಸಿ ನೋಡಿ. ಗಾಳಿಯ ತಡೆ ಇಲ್ಲದಿದ್ದರೆ ಅದು ಸುಮಾರು 7 ಸೆಕೆಂಡಿನಲ್ಲಿ ತಳ ಮುಟ್ಟಬೇಕು. ಆದರೆ ಅರ್ಧ ದಾರಿಯೊಳಗೆ ಮುದ್ದೆ ಒಡೆದು ಬಾಲವಿರುವ ಬಿಳಿ ಚೂರುಗಳಾಗುತ್ತದೆ, ಅಂಚಿನ ಹನಿಗಳು ಹಿಂದುಳಿಯುತ್ತವೆ. ನೀರು ತೀರ ನಿಧಾನವಾಗಿ ಬೀಳುತ್ತಿದೆ ಎಂಬ ಭ್ರಮೆ ಹುಟ್ಟುವುದು ಹೀಗೆ.

ಜುಲೈ, ಆಗಸ್ಟ್‌ನಲ್ಲಿ ಹೋದರೆ ಮಂಜು ಇದ್ದದ್ದೇ. ಕಡಲ ಕಡೆಯ ತೇವದ ಗಾಳಿ ಕಣಿವೆಯಲ್ಲಿ ಮೇಲೇರಿ, ತಂಪಾಗಿ ಮೋಡಗಟ್ಟುತ್ತದೆ. ಬಂದೊಡನೆ ‘ಏನೂ ಕಾಣಲ್ಲ’ ಎಂದು ಕಾರು ಹತ್ತುವವರೇ ಹೆಚ್ಚು. ಒಂದೆರಡು ಗಂಟೆ ಬಿಡುವು ಇಟ್ಟುಕೊಂಡು ಕಾಯಿರಿ, ಗಾಳಿ ತಿರುಗಿದರೆ ಪರದೆ ಸರಿಯುತ್ತದೆ. ಕಾಮನಬಿಲ್ಲು ಬೇಕೆಂದರೆ ಸೂರ್ಯ ನಿಮ್ಮ ಬೆನ್ನ ಹಿಂದಿರಬೇಕು, ತುಂತುರು ಎದುರಿಗಿರಬೇಕು. ನೆತ್ತಿಯ ಮೇಲಿನ ಬಿಸಿಲಿನಲ್ಲಿ ಅದು ಎದುರು ಮೂಡದು.

ಕಣಿವೆಯ ತಳಕ್ಕೆ ಸುಮಾರು 1400 ಮೆಟ್ಟಿಲು. ಮಳೆ ಜೋರಿದ್ದಾಗ ಈ ದಾರಿ ಮುಚ್ಚಿರುತ್ತಾರೆ. ಬೇಲಿ ಹಾರುವ ಸಾಹಸ ಬೇಡ. ಇಳಿಯುವಾಗ ಉಸಿರು ಸಲೀಸು, ಪೆಟ್ಟು ಬೀಳುವುದು ಮಂಡಿಗೆ. ಹತ್ತುವಾಗ ಎದೆಗೆ. ಇಳಿಯಲು ಹಿಡಿದ ಸಮಯದ ಎರಡರಷ್ಟನ್ನು ಹತ್ತಲು ಇಟ್ಟುಕೊಳ್ಳಿ, ತಲೆಗೊಂದು ಲೀಟರ್ ನೀರು ಒಯ್ಯಿರಿ. ಪಾಚಿಗಟ್ಟಿದ ಮೆಟ್ಟಿಲಿನಲ್ಲಿ ಸವೆದ ಅಟ್ಟೆಯ ಚಪ್ಪಲಿ ನಿಲ್ಲುವುದಿಲ್ಲ. ಛತ್ರಿಗಿಂತ ರೇನ್‌ಕೋಟ್ ವಾಸಿ, ಕಣಿವೆಯ ಗಾಳಿ ಛತ್ರಿಯನ್ನು ಮಗುಚಿಹಾಕುತ್ತದೆ, ಒಂದು ಕೈಯೂ ಅದಕ್ಕೇ ಮೀಸಲು. ಇಂಬಳ (ಜಿಗಣೆ) ಕಚ್ಚಿದರೆ ಕಿತ್ತೆಳೆಯದೆ ಉಗುರಿನಿಂದ ಮೆಲ್ಲಗೆ ಪಕ್ಕಕ್ಕೆ ಜಾರಿಸಿ. ರಕ್ತ ಸ್ವಲ್ಪ ಹೊತ್ತು ಒಸರುತ್ತದೆ, ಗಾಬರಿ ಬೇಡ.

ತಳದ ಗುಂಡಿಗೆ ಮಾತ್ರ ಇಳಿಯಲೇಬಾರದು. ಬೀಳುವ ನೀರು ಗಾಳಿಯನ್ನು ಒಳಕ್ಕೆಳೆದು ಗುಂಡಿಯನ್ನೆಲ್ಲ ಗುಳ್ಳೆಯಾಗಿಸುತ್ತದೆ. ಅಂಥ ನೀರು ಮೈಯನ್ನು ತೇಲಿಸದು, ಈಜು ಬಲ್ಲವರೂ ಮುಳುಗುತ್ತಾರೆ. ನಿಮ್ಮ ತಲೆ ಮೇಲೆ ಬಿಸಿಲಿದ್ದರೂ ಮೇಲೆಲ್ಲೋ ಮಳೆ ಸುರಿದು ಹೊಳೆ ಏರಬಹುದು. ತಿಳಿಯಾಗಿದ್ದ ನೀರು ಕೆಂಪಗಾದರೆ, ಕಸಕಡ್ಡಿ ತೇಲಿ ಬಂದರೆ, ಫೋಟೊ ಬಿಟ್ಟು ಮೆಟ್ಟಿಲ ಕಡೆ ನಡೆಯಿರಿ.

ಹೆಚ್ಚಿನವರು ಸಾಗರ ಪಟ್ಟಣದ ಕಡೆಯಿಂದ ಬಂದು ಎದುರಿನ ಕಟ್ಟೆಯಿಂದ ನೋಡಿ ಹೊರಟುಬಿಡುತ್ತಾರೆ. ಹೊಳೆ ದಾಟಿದರೆ ಸಿದ್ದಾಪುರ ತಾಲ್ಲೂಕು, ಅಲ್ಲಿ ಬಾಂಬೆ ಬಂಗಲೆ. 1956ರವರೆಗೆ ಆ ದಂಡೆ ಮುಂಬಯಿ ರಾಜ್ಯಕ್ಕೆ ಸೇರಿತ್ತು, ಅದಕ್ಕೇ ಆ ಹೆಸರು. ರಾಜನ ನೆತ್ತಿಗೆ ಹತ್ತಿರವಿರುವ ದಂಡೆ ಇದೇ. ಕೆಳಗಿನಿಂದ ಕಾಣದ ನೀರಿನ ತಿರುವು ಇಲ್ಲಿಂದ ಕಾಣುತ್ತದೆ. ಕಟಕಟೆಯ ಒಳಗೇ ನಿಲ್ಲಿ, ಬಂಡೆಯಂಚು ಒಣಗಿದಂತೆ ಕಂಡರೂ ನಂಬಬೇಡಿ. ರೈಲಿಗೆ ಬಂದವರಿಗೆ ಹತ್ತಿರದ ನಿಲ್ದಾಣ ತಾಳಗುಪ್ಪ, ಸುಮಾರು 15 ಕಿಲೋಮೀಟರ್. ಈ ಎರಡನೇ ದಂಡೆಗೆ ಹೋಗುವುದಾದರೆ ವಾಪಸಿನ ಗಾಡಿಯ ಹೊತ್ತನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ.

ನಮಸ್ಕಾರ.